ಮಳೆಗಿಂತ ಮಳೆ ನಿಂತ ಮರುರಾತ್ರಿಯೇ ಹೆಚ್ಚು ಕಾಡುತ್ತದೆ: ವಸಂತದ ಮೊದಲ ವಾರಗಳ ಹವೆಯನ್ನು ನೀವು ಹೇಗೆ ಅಳೆಯುತ್ತೀರಿ?

ತಗ್ಗಿನ ತೋಟ
ಮಾರ್ಚ್ 24, ಬೆಳಿಗ್ಗೆ 8.10

ಈಗಷ್ಟೇ ತೋಟದಿಂದ ಒಳಗೆ ಬಂದೆ. ಪ್ಲಮ್ ಮರದ ಒಂದು ಹೂವನ್ನು ಕಿತ್ತು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆ. ಎಸಳುಗಳು ನಿನ್ನೆಯಷ್ಟೇ ಬೆಳ್ಳಗಿವೆ. ಕೇಸರಗಳ ತುದಿಯಲ್ಲಿ ಹಳದಿ ಪರಾಗ ಹಾಗೆಯೇ ಇದೆ. ನಡುವೆ ಹಸಿರಾಗಿರಬೇಕಾದ ಪುಟ್ಟ ಕಡ್ಡಿ, ಅದರ ಬುಡದಲ್ಲಿ ಕಾಯಿಯಾಗಬೇಕಾದ ಭಾಗ ಮಾತ್ರ ಸುಟ್ಟ ಬತ್ತಿಯಂತೆ ಕಪ್ಪಾಗಿದೆ. ಇಪ್ಪತ್ತು ಹೂವುಗಳನ್ನು ಸೀಳಿದೆ. ಹದಿನೇಳು ಹೀಗೆಯೇ ಇವೆ. ರಸ್ತೆಯಲ್ಲಿ ಹೋಗುವವರಿಗೆ ಮರ ಮೈತುಂಬ ಹೂ ಬಿಟ್ಟಂತೆ ಕಾಣುತ್ತದೆ. ಈ ವರ್ಷ ಅದರಲ್ಲಿ ಕಾಯಿ ನಿಲ್ಲುವುದಿಲ್ಲ ಎಂಬುದು ನನಗೆ ಮಾತ್ರ ಗೊತ್ತು.

ನಾಲ್ಕು ದಿನ ನಡೆದದ್ದನ್ನು ಹೇಳುತ್ತೇನೆ. ಮೊದಲ ದಿನ ಮಧ್ಯಾಹ್ನ 19 ಡಿಗ್ರಿ. ಸ್ವೆಟರ್ ಬಿಚ್ಚಿಟ್ಟು ಮಣ್ಣು ಕೆದಕಿದೆ. ಎರಡನೆಯ ದಿನ ಮಧ್ಯಾಹ್ನಕ್ಕೆ ಗಾಳಿ ತಿರುಗಿತು, ಒಂದು ಗಂಟೆಯೊಳಗೆ ಚಳಿ ಹತ್ತಿತು, ಮಳೆಯ ಜೊತೆ ಸಣ್ಣ ಆಲಿಕಲ್ಲು ತಗಡಿನ ಮೇಲೆ ಸದ್ದು ಮಾಡಿತು. ಆ ರಾತ್ರಿ ಹೆದರಿ, ಹೊದಿಸಬಹುದಾದದ್ದನ್ನೆಲ್ಲ ಹೊದಿಸಿದೆ. ಏನೂ ಆಗಲಿಲ್ಲ. ನಿನ್ನೆ ಆಕಾಶ ತೊಳೆದಿಟ್ಟಂತಿತ್ತು. ಸಂಜೆ ಗಾಳಿ ಪೂರ್ತಿ ನಿಂತಿತು. ಕಷ್ಟ ಕಳೆಯಿತೆಂದು ಹೊದಿಕೆ ತೆಗೆದು ಮಡಚಿ ಒಳಗಿಟ್ಟೆ. ಮುನ್ಸೂಚನೆಯಲ್ಲಿ ಕನಿಷ್ಠ ಉಷ್ಣಾಂಶ 2 ಡಿಗ್ರಿ ಎಂದಿತ್ತು. ಇಂದು ಬೆಳಿಗ್ಗೆ ಕಾಲಿಟ್ಟಲ್ಲೆಲ್ಲ ಹುಲ್ಲು ಗರಿಗರಿ ಮುರಿಯಿತು.

ನಾನು ತಪ್ಪಿದ್ದು ಎಲ್ಲಿ? ಇಂಥ ಸಣ್ಣ ಪಟ್ಟಣಗಳಲ್ಲಿ, ಸುತ್ತ ಹೊಲಗದ್ದೆಗಳ ನಡುವೆ ಇರುವವರು ಈ ದಿನಗಳನ್ನು ಹೇಗೆ ನಿಭಾಯಿಸುತ್ತೀರಿ?


ಮೋಡ ನೋಡುವವನು
ಮಾರ್ಚ್ 24, ಬೆಳಿಗ್ಗೆ 9.25

ಓದಿ ಬೇಸರವಾಯಿತು. ನೀವು ತಪ್ಪಿದ್ದು ಕೊನೆಯ ಸಂಜೆ. ಬಹಳ ಮಂದಿ ತಪ್ಪುವುದೂ ಅಲ್ಲಿಯೇ.

ಎರಡನೆಯ ದಿನ ನಿಮ್ಮ ಮೇಲೆ ಹಾದುಹೋದದ್ದು ಶೀತಮುಖ, ಅಂದರೆ ಬೆಚ್ಚನೆಯ ಗಾಳಿಯನ್ನು ಅಡಿಯಿಂದ ಎತ್ತಿ ಹಾಕಿ ಮುನ್ನುಗ್ಗುವ ತಣ್ಣನೆಯ ಗಾಳಿಯ ಅಂಚು. ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ನಾರ್ವೆಯ ಬರ್ಗೆನ್‌ನಲ್ಲಿ ಬ್ಯರ್ಕ್‌ನೆಸ್ ತಂದೆ ಮಗ ಎಂಬ ಹವಾಮಾನ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು ಇದನ್ನು ವಿವರಿಸಿದರು. ಯುದ್ಧಭೂಮಿಯಲ್ಲಿ ಎರಡು ಸೇನೆಗಳು ಎದುರಾಗುವ ಸಾಲಿನ ಹೆಸರನ್ನೇ, ‘ಫ್ರಂಟ್’ ಎಂದು, ಇದಕ್ಕೂ ಇಟ್ಟರು. ಆ ಅಂಚು ಬಂದ ರಾತ್ರಿ ಮೋಡವಿರುತ್ತದೆ, ಗಾಳಿಯೂ ಇರುತ್ತದೆ. ಚಳಿ ಎಷ್ಟೇ ಎನಿಸಿದರೂ ನೆಲದ ಕಾವು ಪೂರ್ತಿ ಆರುವುದಿಲ್ಲ. ಮರುದಿನ ಅದರ ಹಿಂದೆಯೇ ಗಾಳಿಯ ಅಧಿಕ ಒತ್ತಡದ ವಲಯ ಬಂದು ಕೂರುತ್ತದೆ. ಆಕಾಶ ತೆರೆಯುತ್ತದೆ, ಗಾಳಿ ಒಣಗುತ್ತದೆ, ಸಂಜೆಗೆ ಎಲೆಯೂ ಅಲ್ಲಾಡುವುದಿಲ್ಲ. ಆಗ ನೆಲ ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಡುತ್ತದೆ, ಅದನ್ನು ಹಿಂದಕ್ಕೆ ಕಳುಹಿಸಲು ಮೋಡವಿಲ್ಲ. ಹೂವಿಗೆ ಅಪಾಯ ಬರುವುದು ಈ ಎರಡನೆಯ ರಾತ್ರಿಯಲ್ಲಿ.

ಉತ್ತರಾರ್ಧ ಗೋಳದಲ್ಲಿ ಇದೆಲ್ಲ ಮಾರ್ಚ್ ಏಪ್ರಿಲ್‌ನಲ್ಲೇ ಏಕೆ ಇಷ್ಟು ತೀವ್ರ ಎಂದರೆ, ಸೂರ್ಯ ಮುಂದೆ ಓಡುತ್ತಿರುತ್ತಾನೆ, ಭೂಮಿ ಹಿಂದೆ ಬಿದ್ದಿರುತ್ತದೆ. 45 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಮಾರ್ಚ್ 20ರ ಹೊತ್ತಿಗೆ ಹಗಲು ದಿನಕ್ಕೆ ಸುಮಾರು 3 ನಿಮಿಷದಂತೆ ಬೆಳೆಯುತ್ತದೆ. ಅದೇ ತಿಂಗಳಲ್ಲಿ ಉತ್ತರ ಧ್ರುವದ ಸಮುದ್ರದ ಮಂಜುಗಡ್ಡೆ ವರ್ಷದಲ್ಲೇ ಅತಿ ಹೆಚ್ಚು ಹರಡಿಕೊಂಡಿರುತ್ತದೆ. ದಕ್ಷಿಣಕ್ಕೆ ಕಾದ ನೆಲ, ಉತ್ತರಕ್ಕೆ ಇನ್ನೂ ಚಳಿಗಾಲದ ದಾಸ್ತಾನು. ಇವೆರಡರ ನಡುವೆ ಎತ್ತರದಲ್ಲಿ ಜೆಟ್ ಪ್ರವಾಹ, ಅಂದರೆ ಅತಿ ವೇಗದ ಗಾಳಿಯ ಹೊಳೆ, ಹಾವಿನಂತೆ ಹೊರಳುತ್ತಿರುತ್ತದೆ. ಅದರ ಒಂದು ಬಳುಕಿನ ಕೆಳಗೆ ನೀವಿದ್ದರೆ 19 ಡಿಗ್ರಿ, ಎರಡು ದಿನದಲ್ಲಿ ಇನ್ನೊಂದು ಬಳುಕು ಬಂದರೆ ಆಲಿಕಲ್ಲು.

ಆ ಸಣ್ಣ ಆಲಿಕಲ್ಲಿಗೂ ಕಾರಣ ಇದೇ. ಮೇಲೆ ಚಳಿಗಾಲದ ಗಾಳಿ, ಕೆಳಗೆ ಬಿಸಿಲಿಗೆ ಕಾದ ನೆಲ. ಬೆಳಿಗ್ಗೆ ನಿರ್ಮಲವಾಗಿದ್ದ ಆಕಾಶದಲ್ಲಿ ಹನ್ನೊಂದು ಗಂಟೆಗೆ ಹತ್ತಿಯ ಉಂಡೆಗಳು, ಎರಡು ಗಂಟೆಗೆ ಗೋಪುರಗಳು, ಮೂರಕ್ಕೆ ಹತ್ತು ನಿಮಿಷದ ಜಡಿಮಳೆ, ಸೂರ್ಯ ಇಳಿದಂತೆ ಎಲ್ಲವೂ ಕರಗಿ ಮತ್ತೆ ನಕ್ಷತ್ರ. ಒಂದೇ ದಿನದಲ್ಲಿ ಮೂರು ಋತು ಕಂಡಂತೆ ಎನಿಸುವುದು ಇದರಿಂದಲೇ.


ಹೊಸದಾಗಿ ಬಂದವಳು
ಮಾರ್ಚ್ 24, ಬೆಳಿಗ್ಗೆ 9.50

ಒಂದು ವಿಷಯ ಅರ್ಥವಾಗಲಿಲ್ಲ. ಮುನ್ಸೂಚನೆ 2 ಡಿಗ್ರಿ ಎಂದಿತ್ತಲ್ಲ, ನೀರು ಹೆಪ್ಪುಗಟ್ಟುವುದು ಸೊನ್ನೆಯಲ್ಲಿ. 2 ಡಿಗ್ರಿಯಲ್ಲಿ ಹುಲ್ಲಿನ ಮೇಲೆ ಹಿಮ ಕೂರುವುದು ಹೇಗೆ? ಮುನ್ಸೂಚನೆಯೇ ತಪ್ಪಿತೇ? ನಗರದಿಂದ ಇಲ್ಲಿಗೆ ಬಂದು ಆರು ತಿಂಗಳಾಯಿತು. ಮೊದಲ ವಸಂತವಾದ್ದರಿಂದ ಎಲ್ಲವನ್ನೂ ಕೇಳಿ ತಿಳಿಯಬೇಕಾಗಿದೆ.


ಉಷ್ಣಮಾಪಕ
ಮಾರ್ಚ್ 24, ಬೆಳಿಗ್ಗೆ 10.40

ಒಳ್ಳೆಯ ಪ್ರಶ್ನೆ. ಮುನ್ಸೂಚನೆ ತಪ್ಪಿರಬೇಕಾಗಿಲ್ಲ. ಅದು ಬೇರೆ ಜಾಗದ ಮಾತು.

ಹವಾಮಾನ ಕೇಂದ್ರದ ಉಷ್ಣಮಾಪಕ ಬಿಳಿ ಬಣ್ಣದ, ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ ಇರುತ್ತದೆ. ಜಗತ್ತಿನೆಲ್ಲೆಡೆ ನಿಯಮ ಅದೇ. ನಿಶ್ಚಲವಾದ, ಮೋಡವಿಲ್ಲದ ರಾತ್ರಿ ಹುಲ್ಲಿನ ತುದಿ ಆ ಪೆಟ್ಟಿಗೆಗಿಂತ 3ರಿಂದ 5 ಡಿಗ್ರಿಯಷ್ಟು ತಣ್ಣಗಿರಬಹುದು. ಪೆಟ್ಟಿಗೆಯಲ್ಲಿ 2 ಎಂದರೆ ಹುಲ್ಲಿನಲ್ಲಿ ಮೈನಸ್ 2 ಇದ್ದರೆ ಆಶ್ಚರ್ಯವಿಲ್ಲ.

ಜೊತೆಗೆ, ಮೂಲ ಬರಹಗಾರರ ಹೆಸರೇ ಹೇಳುವಂತೆ ಅವರ ತೋಟ ತಗ್ಗಿನಲ್ಲಿದೆ. ತಣ್ಣನೆಯ ಗಾಳಿ ಭಾರ. ರಾತ್ರಿ ಅದು ಇಳಿಜಾರಿನಲ್ಲಿ ನೀರಿನಂತೆಯೇ ಹರಿದು ತಗ್ಗಿಗೆ ಬಂದು ನಿಲ್ಲುತ್ತದೆ. ಬೇಲಿ, ಗೋಡೆ, ದಟ್ಟ ಪೊದೆ ಅಡ್ಡವಾದರೆ ಅದರ ಹಿಂದೆ ಕೆರೆಯಂತೆ ತುಂಬುತ್ತದೆ. ಇಳಿಜಾರಿನ ನಡುಭಾಗದ ಮನೆಯವರಿಗೆ ಏನೂ ಆಗದೆ, ಇನ್ನೂರು ಹೆಜ್ಜೆ ಕೆಳಗಿನ ತೋಟ ಸುಟ್ಟುಹೋಗುವುದನ್ನು ನಾನೇ ಎಷ್ಟೋ ಬಾರಿ ನೋಡಿದ್ದೇನೆ.

ಇದನ್ನೆಲ್ಲ ಮೊದಲು ಸರಿಯಾಗಿ ಬಿಡಿಸಿದವರಲ್ಲಿ ಒಬ್ಬರು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್, 1814ರಲ್ಲಿ. ಆತ ರಾತ್ರಿಗಳಲ್ಲಿ ಹುಲ್ಲಿನ ಮೇಲೆ ಉಣ್ಣೆಯ ಸಣ್ಣ ಉಂಡೆಗಳನ್ನಿಟ್ಟು, ಅವು ಹೀರಿಕೊಂಡ ಇಬ್ಬನಿಯನ್ನು ತೂಗಿ ನೋಡುತ್ತಿದ್ದರು. ಹಲಗೆಯ ಮೇಲಿಟ್ಟ ಉಣ್ಣೆ ಚೆನ್ನಾಗಿ ನೆನೆಯುತ್ತಿತ್ತು, ಅದೇ ಹಲಗೆಯ ಕೆಳಗಿನ ಉಣ್ಣೆ ಅಷ್ಟು ನೆನೆಯುತ್ತಿರಲಿಲ್ಲ. ಒಂದು ತೆಳುವಾದ ಕರವಸ್ತ್ರವನ್ನು ನಾಲ್ಕು ಕಡ್ಡಿಗಳ ಮೇಲೆ ಹುಲ್ಲಿಗೆ ತಾಗದಂತೆ ಹರಡಿದರೂ ಸಾಕು, ಅದರಡಿಯ ಹುಲ್ಲು ಬಯಲಿನ ಹುಲ್ಲಿಗಿಂತ ಬೆಚ್ಚಗೆ ಉಳಿಯುತ್ತಿತ್ತು. ತೆಳು ಬಟ್ಟೆ ಚಳಿ ತಡೆಯುವುದು ಸಾಧ್ಯವೇ ಎಂದು ತಾವು ಹಿಂದೆ ಅನುಮಾನಪಟ್ಟಿದ್ದು ತಪ್ಪೆಂದು ಅವರೇ ಒಪ್ಪಿಕೊಂಡರು. ಬಟ್ಟೆ ಮಾಡುವ ಕೆಲಸ ಗಿಡಕ್ಕೂ ಆಕಾಶಕ್ಕೂ ನಡುವೆ ಮರೆಯಾಗುವುದು, ಅಷ್ಟೇ. ಹಾಗಾಗಿ ನೀವು ಮಡಚಿ ಒಳಗಿಟ್ಟ ಹೊದಿಕೆ ಬೇಕಾಗಿದ್ದದ್ದು ನಿನ್ನೆಯ ರಾತ್ರಿಗೆ.


ಕುರಿ ಸಾಕುವವಳು
ಮಾರ್ಚ್ 24, ಮಧ್ಯಾಹ್ನ 12.15

ಮರಗಳ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಶೀರ್ಷಿಕೆಯನ್ನು ಒಪ್ಪಲಾರೆ. ಮರಿ ಹಾಕುವ ಕಾಲದಲ್ಲಿ ನನಗೆ ಹಿಮದ ರಾತ್ರಿ ಬಂದರೆ ಬರಲಿ, ಗಾಳಿಮಳೆಯ ರಾತ್ರಿ ಮಾತ್ರ ಬೇಡ.

ಆಗ ತಾನೇ ಹುಟ್ಟಿದ ಕುರಿಮರಿಯ ಮೈಕಾವು 39ರಿಂದ 40 ಡಿಗ್ರಿ ಇರಬೇಕು. ಒಣ ಚಳಿಯಲ್ಲಿ ತಾಯಿ ನೆಕ್ಕಿ ಒಣಗಿಸಿ, ಮರಿ ಗಿಣ್ಣು ಹಾಲು ಕುಡಿದಿದ್ದರೆ ಸೊನ್ನೆಗಿಂತ ಕೆಳಗಿನ ರಾತ್ರಿಯನ್ನೂ ಅದು ಕಳೆಯುತ್ತದೆ. 5 ಡಿಗ್ರಿಯ ಮಳೆಯಲ್ಲಿ, ಬೀಸುವ ಗಾಳಿಯಲ್ಲಿ ಒದ್ದೆ ಮೈಯ ಮರಿ ಕೆಲವೇ ಗಂಟೆಗಳಲ್ಲಿ ಸೋಲುತ್ತದೆ. ಮೊನ್ನೆ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹೋದಾಗ ಗೋಡೆಯ ಬದಿಯಲ್ಲಿ ಒಂದು ಮರಿ ಕೊರಳು ಚಾಚಿ ಮಲಗಿತ್ತು. ಬಾಯಿಯೊಳಗೆ ಬೆರಳಿಟ್ಟರೆ ತಣ್ಣಗಿತ್ತು, ಚೀಪಲಿಲ್ಲ. ಬಾಯಿ ತಣ್ಣಗಿದ್ದರೆ ಒಂದು ನಿಮಿಷವೂ ಕಾಯಬಾರದು. ಒಳಗೆ ತಂದು ಟವೆಲ್ಲಿನಿಂದ ಉಜ್ಜಿ ಒಣಗಿಸಿದೆ. ಮರಿಯ ವಯಸ್ಸು ಐದು ಗಂಟೆಯೊಳಗೆ ಇತ್ತು, ಮೈಕಾವು ಏರಿದ ಮೇಲೆ ಗಿಣ್ಣು ಹಾಲು ಕುಡಿಸಿದೆ. ಬದುಕಿತು. ಈಗ ಹೊರಗೆ ಬಿಸಿಲಿನಲ್ಲಿ ತಾಯಿಯ ಹಿಂದೆ ಓಡುತ್ತಿದೆ.

ಆದ್ದರಿಂದ ಹೊಸಬರಿಗೆ ಹೇಳುವುದು, ಒಂದೇ ಹವೆ ಎಲ್ಲರಿಗೂ ಒಂದೇ ಅಪಾಯ ತರುವುದಿಲ್ಲ. ಪಕ್ಕದವರು ಉಷ್ಣಾಂಶ ನೋಡುತ್ತಿದ್ದಾರೆಂದು ನೀವೂ ಅದನ್ನೇ ನೋಡಬೇಡಿ. ನಾನು ನೋಡುವುದು ಗಾಳಿಯ ವೇಗ ಮತ್ತು ಮಳೆಯ ಹೊತ್ತು.


ಜೇನುಗೂಡು
ಮಾರ್ಚ್ 24, ಮಧ್ಯಾಹ್ನ 1.05

ಜೇನಿನ ವಿಷಯದಲ್ಲಿ ಭಯ ಬೇರೆಯೇ. ಬೆಚ್ಚನೆಯ ಒಂದು ವಾರ ಸಿಕ್ಕರೆ ರಾಣಿ ಮೊಟ್ಟೆ ಇಡುವುದನ್ನು ಹೆಚ್ಚಿಸುತ್ತಾಳೆ. ಮರಿಗಳಿರುವ ಜಾಗವನ್ನು ಹುಳುಗಳು 34-35 ಡಿಗ್ರಿಯಲ್ಲಿ ಕಾಯಬೇಕು, ಅದಕ್ಕೆ ಜೇನು ಖರ್ಚಾಗುತ್ತದೆ. ಮತ್ತೆ ಚಳಿ ಮರಳಿದರೆ ಹುಳು ಹೊರಗೆ ಹೋಗಲಾರದು. ಸುಮಾರು 10 ಡಿಗ್ರಿಗಿಂತ ಕೆಳಗೆ ಅವು ಹೆಚ್ಚು ಹಾರುವುದಿಲ್ಲ. ಹೀಗೆ ಕಡುಚಳಿಗಾಲ ದಾಟಿದ ಗೂಡು ಹೂಗಳು ಅರಳಿರುವ ಮಾರ್ಚ್‌ನಲ್ಲಿ ಹಸಿವಿನಿಂದ ಸಾಯುತ್ತದೆ. ಈ ದಿನಗಳಲ್ಲಿ ಗೂಡನ್ನು ಹಿಂದಿನಿಂದ ಸ್ವಲ್ಪ ಎತ್ತಿ ತೂಕ ನೋಡುವುದನ್ನು ಮರೆಯಬೇಡಿ. ಹಗುರವೆನಿಸಿದರೆ ಆಹಾರ ಕೊಡಿ, ನಾಳೆಗೆ ಬಿಡಬೇಡಿ.


ತಗ್ಗಿನ ತೋಟ
ಮಾರ್ಚ್ 24, ಮಧ್ಯಾಹ್ನ 2.30

ಎಲ್ಲರಿಗೂ ಧನ್ಯವಾದ. ಕುರಿ ಸಾಕುವವರೇ, ನಿಮ್ಮ ಮಾತು ನಿಜ, ಶೀರ್ಷಿಕೆ ಬರೆಯುವಾಗ ನನ್ನ ಮರಗಳಷ್ಟೇ ಕಣ್ಣ ಮುಂದಿದ್ದವು. ಆ ಮರಿ ಉಳಿಯಿತೆಂದು ಕೇಳಿ ಸಂತೋಷವಾಯಿತು.

ಈಗ ಮುಂದಿನ ಚಿಂತೆ ಸೇಬಿನ ಮರಗಳದ್ದು. ಮೊಗ್ಗುಗಳಲ್ಲಿ ಈಗಷ್ಟೇ ಗುಲಾಬಿ ಬಣ್ಣ ಇಣುಕುತ್ತಿದೆ. ದೊಡ್ಡ ಮರಗಳಿಗೆ ಬಟ್ಟೆ ಹೊದಿಸುವಂತಿಲ್ಲ. ಕೆಲವರು ಹೊಗೆ ಹಾಕಲು ಹೇಳುತ್ತಾರೆ, ಕೆಲವರು ನೀರು ಸಿಂಪಡಿಸಲು ಹೇಳುತ್ತಾರೆ. ಚಳಿಯಲ್ಲಿ ನೀರು ಹಾಕಿದರೆ ಇನ್ನೂ ಕೆಡುವುದಿಲ್ಲವೇ?


ಹಣ್ಣಿನ ಮರಗಳು
ಮಾರ್ಚ್ 24, ಸಂಜೆ 4.45

ಮೂವತ್ತು ವರ್ಷ ಸೇಬು ಬೆಳೆದವನ ಮಾತಿದು.

ಮೊದಲು ಮೊಗ್ಗಿನ ಹಂತ ನೋಡಿ. ಮೊಗ್ಗಿನ ತುದಿ ಬೆಳ್ಳಿಯಂತೆ ಹೊಳೆಯುವ ಹಂತದಲ್ಲಿ ಸೇಬು ಮೈನಸ್ 9 ಡಿಗ್ರಿಯವರೆಗೂ ಹೆಚ್ಚು ನಷ್ಟವಿಲ್ಲದೆ ತಡೆಯುತ್ತದೆ. ಅದೇ ಮರ ಪೂರ್ತಿ ಅರಳಿದಾಗ ಮೈನಸ್ 2.2ಕ್ಕೆ ಅರ್ಧ ಗಂಟೆ ಒಡ್ಡಿಕೊಂಡರೆ ಹತ್ತರಲ್ಲಿ ಒಂದು ಹೂ, ಮೈನಸ್ 3.9ರಲ್ಲಿ ಹತ್ತರಲ್ಲಿ ಒಂಬತ್ತು ಹೂ ಹೋಗುತ್ತವೆ. ಅಂದರೆ ಬದುಕಿಗೂ ನಾಶಕ್ಕೂ ನಡುವೆ ಎರಡು ಡಿಗ್ರಿಯೂ ಇಲ್ಲ. ನಾವು ಇಡೀ ರಾತ್ರಿ ಎದ್ದು ಹೋರಾಡುವುದು ಆ ಎರಡು ಡಿಗ್ರಿಗಾಗಿ.

ಹೊಗೆಯನ್ನು ಬಿಟ್ಟುಬಿಡಿ. ನೆಲದಿಂದ ಏಳುವ ಶಾಖವನ್ನು ಅದು ತಡೆಯುವುದಿಲ್ಲ, ಅಕ್ಕಪಕ್ಕದವರ ಉಸಿರು ಕಟ್ಟಿಸುತ್ತದೆ ಅಷ್ಟೇ. ಬೆಂಕಿಯ ಕಾವು ಬೇರೆ ಮಾತು. 2021ರ ಏಪ್ರಿಲ್‌ನಲ್ಲಿ ಫ್ರಾನ್ಸ್‌ನ ದ್ರಾಕ್ಷಿ ತೋಟಗಳಲ್ಲಿ ಸಾಲುಸಾಲಾಗಿ ಮೇಣದ ಡಬ್ಬಿಗಳನ್ನು ಉರಿಸಿದ ಚಿತ್ರಗಳನ್ನು ನೀವು ನೋಡಿರಬಹುದು. ಮಾರ್ಚ್ ಕೊನೆಯ ಬಿಸಿಲಿಗೆ ಚಿಗುರೆಲ್ಲ ಒಡೆದ ಮೇಲೆ ಬಂದ ಹಿಮವದು. ಅವರು ಒಂದು ದೊಡ್ಡ ರಾಶಿ ಹಚ್ಚದೆ ನೂರಾರು ಸಣ್ಣ ಜ್ವಾಲೆ ಹಚ್ಚಿದ್ದಕ್ಕೆ ಕಾರಣವಿದೆ. ದೊಡ್ಡ ಬೆಂಕಿಯ ಬಿಸಿ ನೇರ ಮೇಲಕ್ಕೆ ಹಾರಿಹೋಗುತ್ತದೆ, ಬದಿಯಿಂದ ತಣ್ಣನೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಸಣ್ಣ ಬೆಂಕಿಗಳ ಕಾವು ಮರಗಳ ಎತ್ತರದಲ್ಲೇ ಸುಳಿದಾಡುತ್ತದೆ.

ಇನ್ನು ನೀರು. ಅದು ಕೆಲಸ ಮಾಡುತ್ತದೆ, ಆದರೆ ಅರ್ಧಕ್ಕೆ ಬಿಟ್ಟವನನ್ನು ಕ್ಷಮಿಸುವುದಿಲ್ಲ. ಒಂದು ಕಿಲೋ ನೀರು ಮಂಜುಗಡ್ಡೆಯಾಗುವಾಗ 334 ಕಿಲೋಜೌಲ್ ಶಾಖ ಬಿಡುತ್ತದೆ. ಅದೇ ನೀರು ಒಂದು ಡಿಗ್ರಿ ತಣಿಯುವಾಗ ಬಿಡುವುದು 4.2 ಮಾತ್ರ. ಹೀಗೆ ಮೊಗ್ಗಿನ ಮೇಲೆ ನೀರು ಬೀಳುತ್ತ, ಹೆಪ್ಪುಗಟ್ಟುತ್ತ ಇರುವವರೆಗೆ ಮೊಗ್ಗು ಸೊನ್ನೆಯ ಆಸುಪಾಸಿನಲ್ಲಿ ಉಳಿಯುತ್ತದೆ. ಗಾಜಿನ ಕೋಶದೊಳಗೆ ಹೂ ಇಟ್ಟಂತೆ ಕಾಣುತ್ತದೆ, ಒಳಗೆ ಅದು ಜೀವಂತ. ನಡುರಾತ್ರಿ ಪಂಪು ಕೆಟ್ಟರೆ ಅಥವಾ ನೀರು ಮುಗಿದರೆ ಆವಿಯಾಗುವ ಪ್ರತಿ ಹನಿಯೂ ಹೆಪ್ಪುಗಟ್ಟುವಾಗ ಬಿಡುವುದರ ಏಳೆಂಟು ಪಟ್ಟು ಶಾಖವನ್ನು ಕಿತ್ತುಕೊಳ್ಳುತ್ತದೆ. ಏನೂ ಮಾಡದಿದ್ದರೆ ಆಗುವುದಕ್ಕಿಂತ ಹೆಚ್ಚು ಹಾನಿ ಆಗಬಹುದು. ಬೆಳಗಾಗಿ ಗಡ್ಡೆ ತಾನಾಗಿ ಕರಗಿ ಉದುರುವವರೆಗೆ ನಿಲ್ಲಿಸಬಾರದು. ಅಷ್ಟು ನೀರಿನ ಭರವಸೆ ಇಲ್ಲದಿದ್ದರೆ ಶುರು ಮಾಡಲೇಬೇಡಿ.

ನಿಮ್ಮಂಥ ಸಣ್ಣ ತೋಟಕ್ಕೆ ನಾನು ಹೇಳುವುದು ಇನ್ನೂ ಸರಳ. ಮರದಡಿಯ ಹುಲ್ಲನ್ನು ಗಿಡ್ಡಗೆ ಕತ್ತರಿಸಿ, ಮಣ್ಣಿನ ಮೇಲೆ ಒಣ ಎಲೆ ಹುಲ್ಲಿನ ಹೊದಿಕೆ ಇದ್ದರೆ ಸರಿಸಿ, ಹಿಂದಿನ ದಿನಗಳಲ್ಲೇ ಮಣ್ಣಿಗೆ ನೀರುಣಿಸಿ. ಒದ್ದೆಯಾದ, ಬರಿಯ, ಕಪ್ಪು ಮಣ್ಣು ಹಗಲಿನ ಬಿಸಿಲನ್ನು ಆಳಕ್ಕೆ ಇಳಿಸಿಕೊಂಡು ರಾತ್ರಿಯಿಡೀ ಮರಳಿ ಕೊಡುತ್ತದೆ. ಸಿಗುವುದು ಒಂದು ಡಿಗ್ರಿ, ಹೆಚ್ಚೆಂದರೆ ಎರಡು. ಮೇಲೆ ಬರೆದ ಲೆಕ್ಕ ನೋಡಿ, ಅಷ್ಟು ಸಾಕಾಗಬಹುದು. ಮತ್ತೆ, ತಣ್ಣನೆಯ ಗಾಳಿ ಹರಿದುಹೋಗಲು ಕೆಳಗಿನ ಬೇಲಿಯಲ್ಲಿ ಒಂದು ಕಿಂಡಿ ಬಿಡಿ.


ಮುಂಜಾನೆಯ ಬಸ್
ಮಾರ್ಚ್ 24, ಸಂಜೆ 6.20

ಐದೂವರೆಗೆ ಮೊದಲ ಬಸ್ ತೆಗೆಯುವವನು ನಾನು. ಒಂದೇ ಮಾತು ಸೇರಿಸುತ್ತೇನೆ. ಇಂಥ ಬೆಳಗ್ಗೆ ರಸ್ತೆಯೆಲ್ಲ ಒಣಗಿದ್ದರೂ ಸೇತುವೆಯನ್ನು ನಂಬಬೇಡಿ. ಅದರ ಅಡಿಯಲ್ಲಿ ಕಾವು ಕೊಡುವ ಮಣ್ಣಿಲ್ಲ, ಮೇಲೂ ಕೆಳಗೂ ತಣ್ಣನೆಯ ಗಾಳಿಯೇ. ಎಲ್ಲಕ್ಕಿಂತ ಮೊದಲು ಮಂಜುಗಟ್ಟುವುದು ಅದೇ, ಕಣ್ಣಿಗೆ ಕೇವಲ ಒದ್ದೆಯಂತೆ ಕಾಣುತ್ತದೆ. ಚಳಿ ಅತಿ ಹೆಚ್ಚಿರುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಹೊತ್ತಿನಲ್ಲಿ. ಮಕ್ಕಳನ್ನು ಸೈಕಲ್ ಮೇಲೆ ಕಳುಹಿಸುವವರು ದಯವಿಟ್ಟು ಗಮನಿಸಿ.


ಹೊಸದಾಗಿ ಬಂದವಳು
ಮಾರ್ಚ್ 24, ರಾತ್ರಿ 8.00

ಇಷ್ಟು ಓದಿದ ಮೇಲೆ ನನ್ನ ಮೊಬೈಲಿನಲ್ಲಿರುವ ಮೂರು ಮುನ್ಸೂಚನೆಗಳನ್ನು ತೆರೆದು ನೋಡಿದೆ. ನಾಡಿದ್ದಿಗೆ ಒಂದು ಮಳೆ ಎನ್ನುತ್ತದೆ, ಒಂದು ಬಿಸಿಲು, ಮೂರನೆಯದು 30 ಶೇಕಡಾ ಸಾಧ್ಯತೆ. ಯಾವುದನ್ನು ನಂಬಲಿ?


ಮೋಡ ನೋಡುವವನು
ಮಾರ್ಚ್ 24, ರಾತ್ರಿ 8.35

ಮೂರನೆಯದು ಹೆಚ್ಚು ಪ್ರಾಮಾಣಿಕ. 1963ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ ತೋರಿಸಿದ್ದು ಇದನ್ನೇ: ಆರಂಭದ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಲವು ದಿನಗಳ ನಂತರದ ಹವೆ ಪೂರ್ತಿ ಬೇರೆಯಾಗಬಲ್ಲದು. ಆದ್ದರಿಂದ 1992ರಿಂದ ದೊಡ್ಡ ಕೇಂದ್ರಗಳು ಒಂದೇ ಲೆಕ್ಕವನ್ನು ನೆಚ್ಚಿಕೊಳ್ಳದೆ, ಆರಂಭವನ್ನು ಚೂರುಚೂರು ಬದಲಿಸಿ ಹಲವು ಬಾರಿ ಲೆಕ್ಕ ಹಾಕುತ್ತವೆ. ಯುರೋಪಿನ ಮುನ್ಸೂಚನಾ ಕೇಂದ್ರ ಈಗ ಹೀಗೆ 50 ಬಾರಿ ಬದಲಿಸಿ ನೋಡುತ್ತದೆ. ಅವೆಲ್ಲ ಒಂದೇ ಕಡೆ ವಾಲಿದರೆ ಧೈರ್ಯವಾಗಿರಬಹುದು, ಚದುರಿದರೆ ಹವೆಯೇ ಇನ್ನೂ ತೀರ್ಮಾನಿಸಿಲ್ಲ ಎಂದರ್ಥ. ವಸಂತದ ಆರಂಭದಲ್ಲಿ ಅವು ಚದುರುವುದು ಹೆಚ್ಚು.

ಇನ್ನೊಂದು ವಿಷಯ. ಆ ಲೆಕ್ಕಗಳು ಭೂಮಿಯನ್ನು ಸುಮಾರು 9 ಕಿಲೋಮೀಟರ್ ಅಂತರದ ಬಲೆಯಾಗಿ ನೋಡುತ್ತವೆ. ಇಡೀ ಪಟ್ಟಣ, ಅದರ ಗುಡ್ಡ, ಹಳ್ಳ, ಮೇಲಿನ ತಗ್ಗಿನ ತೋಟ ಎಲ್ಲವೂ ಅದರ ಒಂದೇ ಕಣ್ಣಿನಲ್ಲಿ ಅಡಗಿಬಿಡುತ್ತವೆ. ದೊಡ್ಡ ಚಿತ್ರಕ್ಕೆ ಮುನ್ಸೂಚನೆ ನೋಡಿ. ನಿಮ್ಮ ಅಂಗಳದ ವಿಷಯಕ್ಕೆ ನಿಮ್ಮದೇ ಉಷ್ಣಮಾಪಕ ಬೇಕು.


ಹಳೆಯ ದಿನಚರಿ
ಮಾರ್ಚ್ 25, ಬೆಳಿಗ್ಗೆ 7.15

ಪ್ರತಿ ವಸಂತದ ಮೊದಲ ಹೂ, ಮೊದಲ ಕಪ್ಪೆಯ ದನಿ, ಕೊನೆಯ ಹಿಮ ಇವುಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಡುತ್ತ ಬಂದಿದ್ದೇನೆ. ಇದು ಹೊಸ ಹವ್ಯಾಸವೇನಲ್ಲ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರರು 1736ರಲ್ಲೇ ಇಂಥ ಟಿಪ್ಪಣಿ ಆರಂಭಿಸಿದರು, ಅವರ ನಂತರ ಮನೆತನದವರು ತಲೆಮಾರುಗಳವರೆಗೆ ಮುಂದುವರಿಸಿದರು.

ನನ್ನ ಪುಟಗಳಲ್ಲಿ ಕಾಣುವುದನ್ನು ಹೇಳುತ್ತೇನೆ. ಮೊದಲ ಹೂವಿನ ದಿನ ಮುಂಚೆ ಮುಂಚೆಗೆ ಸರಿಯುತ್ತ ಬಂದಿದೆ. ಕೊನೆಯ ಹಿಮದ ದಿನ ಮಾತ್ರ ಅದೇ ವೇಗದಲ್ಲಿ ಸರಿದಿಲ್ಲ, ಮನಸ್ಸಿಗೆ ಬಂದಂತೆ ಹಿಂದೆ ಮುಂದೆ ಓಡಾಡುತ್ತದೆ. ಇವೆರಡರ ನಡುವಿನ ಅಂತರದಲ್ಲಿ ಮರಗಳು ಸಿಕ್ಕಿಕೊಳ್ಳುತ್ತವೆ. 2012ರ ಮಾರ್ಚ್‌ನಲ್ಲಿ ಉತ್ತರ ಅಮೆರಿಕದಲ್ಲಿ ಬೇಸಿಗೆಯಂಥ ಬಿಸಿಲು ಬಂದು ಮರಗಳೆಲ್ಲ ವಾರಗಟ್ಟಲೆ ಮುಂಚೆ ಅರಳಿದವು. ಏಪ್ರಿಲ್‌ನ ಹಿಮ ಎಂದಿನ ಹಿಮವೇ ಆಗಿತ್ತು. ಮಿಷಿಗನ್ ರಾಜ್ಯ ಆ ವರ್ಷ ಸೇಬಿನ ಬೆಳೆಯ ಸುಮಾರು 90 ಶೇಕಡಾ ಕಳೆದುಕೊಂಡಿತು. ಅಂದಿನಿಂದ ಮಾರ್ಚ್‌ನ ಬಿಸಿ ದಿನ ಬಂದರೆ ನನಗೆ ಮೊದಲಿನ ಹಿಗ್ಗು ಇಲ್ಲ. ಮೊಗ್ಗುಗಳ ಬಳಿ ಹೋಗಿ, ಇನ್ನೂ ಸ್ವಲ್ಪ ಮಲಗಿರಿ ಎಂದು ಹೇಳಬೇಕೆನಿಸುತ್ತದೆ.

ತಗ್ಗಿನ ತೋಟದವರೇ, ಮುಂದೆ ಮರ ನೆಡುವುದಾದರೆ ತಡವಾಗಿ ಅರಳುವ ತಳಿ ಹುಡುಕಿ. ಬೇಗ ಅರಳುವ ಪ್ಲಮ್, ಏಪ್ರಿಕಾಟ್‌ಗಳನ್ನು ಇಳಿಜಾರಿನ ಮೇಲ್ಭಾಗಕ್ಕೆ ಬಿಟ್ಟುಕೊಡಿ.


ಉಷ್ಣಮಾಪಕ
ಮಾರ್ಚ್ 25, ಬೆಳಿಗ್ಗೆ 9.30

ಹಿರಿಯರ ಮಾತಿಗೆ ನನ್ನದೊಂದು ಸಂಜೆಯ ಅಭ್ಯಾಸ ಸೇರಿಸುತ್ತೇನೆ. ಸೂರ್ಯ ಮುಳುಗುವ ಹೊತ್ತಿಗೆ ಇಬ್ಬನಿ ಬಿಂದು ಎಷ್ಟಿದೆ ಎಂದು ನೋಡುತ್ತೇನೆ. ಗಾಳಿಯಲ್ಲಿನ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶವದು, ಬಹುತೇಕ ಮುನ್ಸೂಚನೆಗಳ ಒಳಪುಟದಲ್ಲಿ ಇರುತ್ತದೆ. ಅದು 6 ಡಿಗ್ರಿ ಇದ್ದರೆ ಆ ಮಟ್ಟಕ್ಕೆ ತಲುಪಿದ ಮೇಲೆ ಇಬ್ಬನಿ ಕಟ್ಟುತ್ತ ಶಾಖ ಬಿಡುತ್ತದೆ, ಉಷ್ಣಾಂಶದ ಇಳಿತ ನಿಧಾನವಾಗುತ್ತದೆ, ನಾನು ಮಲಗುತ್ತೇನೆ. ಅದು ಮೈನಸ್ 4 ಇದ್ದು, ಆಕಾಶ ತೆರೆದಿದ್ದು, ಧ್ವಜದ ಬಟ್ಟೆ ಜೋತುಬಿದ್ದಿದ್ದರೆ ಹೊದಿಕೆ ಹೊರಗೆ ಬರುತ್ತದೆ. ಮಧ್ಯಾಹ್ನ ಎಷ್ಟು ಬೆಚ್ಚಗಿತ್ತು ಎಂಬುದನ್ನು ಆ ಹೊತ್ತಿಗೆ ಮರೆತುಬಿಡಬೇಕು. ಹೊದಿಕೆ ನೆಲ ಮುಟ್ಟುವಂತಿರಲಿ, ಇಲ್ಲದಿದ್ದರೆ ಮಣ್ಣಿನ ಕಾವು ಬದಿಯಿಂದ ಸೋರುತ್ತದೆ. ಪ್ಲಾಸ್ಟಿಕ್ ಎಲೆಗೆ ತಾಗಬಾರದು. ಬೆಳಿಗ್ಗೆ ಬಿಸಿಲು ಏರುವ ಮೊದಲು ತೆಗೆದುಬಿಡಿ.


ತಗ್ಗಿನ ತೋಟ
ಮಾರ್ಚ್ 28, ಬೆಳಿಗ್ಗೆ 7.40

ಮೂರು ದಿನ ಬರೆಯಲಾಗಲಿಲ್ಲ. ಮೊನ್ನೆ ಮತ್ತೆ ಮಳೆ ಗಾಳಿ ಬಂದು ಹೋಯಿತು, ನಿನ್ನೆ ಮತ್ತೆ ಅದೇ ತೊಳೆದ ಆಕಾಶ.

ಎರಡು ಉಷ್ಣಮಾಪಕ ತಂದೆ. ಒಂದನ್ನು ಮನೆಯ ಮೆಟ್ಟಿಲ ಬಳಿ, ಇನ್ನೊಂದನ್ನು ತಗ್ಗಿನ ಕೊನೆಯ ಸೇಬಿನ ಮರದ ಕೆಳಗಿನ ಕೊಂಬೆಗೆ ಕಟ್ಟಿದೆ. ಕೆಳಗಿನ ಬೇಲಿಯ ಪೊದೆಯನ್ನು ಎರಡು ಮೀಟರ್ ಅಗಲಕ್ಕೆ ಕಡಿದು ದಾರಿ ಮಾಡಿದೆ. ಮರದಡಿಯ ಹುಲ್ಲು ಕತ್ತರಿಸಿ, ಎರಡು ಸಂಜೆ ಮಣ್ಣಿಗೆ ನೀರು ಬಿಟ್ಟೆ. ಸಸಿಗಳ ಮಡಿಗೆ ಕಡ್ಡಿ ನೆಟ್ಟು ಹಳೆಯ ಹತ್ತಿಯ ಬೆಡ್‌ಶೀಟ್ ಹರಡಿದೆ. ನಿನ್ನೆ ಸಂಜೆ ಇಬ್ಬನಿ ಬಿಂದು ಮೈನಸ್ 3 ಇತ್ತು, ಗಾಳಿ ನಿಂತಿತ್ತು. ಮಲಗಲಿಲ್ಲ.

ಮಧ್ಯರಾತ್ರಿ ಮೆಟ್ಟಿಲ ಬಳಿ 4, ತಗ್ಗಿನಲ್ಲಿ 1. ಮೂರು ಗಂಟೆಗೆ 3 ಮತ್ತು ಮೈನಸ್ 0.5. ಮನೆಯಿಂದ ಇಳಿದು ನಡೆಯುವಾಗ ಎಲ್ಲಿ ಚಳಿ ಶುರುವಾಗುತ್ತದೆಂದು ಮೊಣಕಾಲಿಗೇ ಗೊತ್ತಾಯಿತು, ಕೆರೆಗೆ ಕಾಲಿಟ್ಟಂತೆ. ಇಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದರೂ ಅದನ್ನು ಗಮನಿಸಿರಲಿಲ್ಲ. ಸೂರ್ಯ ಹುಟ್ಟುವಾಗ ಮೆಟ್ಟಿಲ ಬಳಿ 1.5, ತಗ್ಗಿನಲ್ಲಿ ಮೈನಸ್ 1.8.

ಬಿಸಿಲು ಬಂದ ಮೇಲೆ ಆ ಕೊನೆಯ ಮರದ ಹತ್ತು ಮೊಗ್ಗುಗಳನ್ನು ಸೀಳಿದೆ. ಒಂಬತ್ತರ ನಡುವೆ ಹಸಿರು ಇದೆ.